ಸರಳ ಯಂತ್ರಗಳು: ಹಾಸನ ಸೀಮೆಯ ಏತ, ಗಾಣ, ತೇರು, ತೂಬುಗಳ ಭೌತವಿಜ್ಞಾನ

ಬಲದ ಪ್ರಮಾಣವನ್ನೋ ದಿಕ್ಕನ್ನೋ ಬದಲಿಸಿ, ಕೆಲಸವನ್ನು ಮೈಗೆ ಒಗ್ಗುವಂತೆ ಮಾಡಿಕೊಡುವ ಮೂಲ ಸಾಧನಗಳಿಗೆ ಸರಳ ಯಂತ್ರಗಳೆಂದು ಹೆಸರು. ಸನ್ನೆ, ಚಕ್ರ ಮತ್ತು ಅಚ್ಚು, ರಾಟೆ, ಇಳಿಜಾರು, ಬೆಣೆ, ತಿರುಪು ಎಂದು ಪಠ್ಯಪುಸ್ತಕಗಳು ಆರನ್ನು ಎಣಿಸುತ್ತವೆ. ಈ ಆರು ಹೆಸರುಗಳೂ ಪುಸ್ತಕಕ್ಕಾಗಿ ಟಂಕಿಸಿದವಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ರೈತ, ಬಡಗಿ, ಕಲ್ಲುಕುಟಿಗರ ಬಾಯಲ್ಲಿ ಇವು ದಿನಬಳಕೆಯ ಮಾತುಗಳು. ಕದಲದ ಬಂಡೆಗೆ ಹಾರೆ ಕೊಟ್ಟು ‘ಸನ್ನೆ ಹಾಕು’ ಎನ್ನುವವನು ಶಾಲೆಯ ಮೆಟ್ಟಿಲು ಹತ್ತದಿದ್ದರೂ ಹಾರೆಯ ತುದಿಯಿಂದ ಆನಿಕೆಯ ಕಲ್ಲಿಗೆ ಎಷ್ಟು ದೂರವಿರಬೇಕೆಂದು ಬಲ್ಲ. ಆದ್ದರಿಂದ ಈ ಲೇಖನ ಸರಳ ಯಂತ್ರಗಳ ತತ್ವವನ್ನು ಆ ಸೀಮೆಯ ಬಾವಿ, ಆಲೆಮನೆ, ಅಡುಗೆಮನೆ, ಗುಡಿ, ಅಣೆಕಟ್ಟೆಗಳ ಮೂಲಕವೇ ವಿವರಿಸುತ್ತದೆ.

ಮೂಲತತ್ವ

ಭೌತವಿಜ್ಞಾನದಲ್ಲಿ ‘ಕೆಲಸ’ ಎಂಬ ಮಾತಿಗೆ ಬಿಗಿಯಾದ ಅರ್ಥವಿದೆ. ಬಲವನ್ನು, ಆ ಬಲದ ದಿಕ್ಕಿನಲ್ಲಿ ವಸ್ತು ಸರಿದ ದೂರದಿಂದ ಗುಣಿಸಿದರೆ ಬರುವುದೇ ಕೆಲಸ. ಒಂದು ಕಿಲೋಗ್ರಾಂ ಕಲ್ಲನ್ನು ಭೂಮಿ ಸುಮಾರು 9.8 ನ್ಯೂಟನ್ ಬಲದಿಂದ ಎಳೆಯುತ್ತದೆ. ಆ ಕಲ್ಲನ್ನು ಒಂದು ಮೀಟರ್ ಎತ್ತಿದರೆ 9.8 ಜೌಲ್ ಕೆಲಸವಾಯಿತು. ಕಲ್ಲನ್ನು ಹಿಡಿದು ಸುಮ್ಮನೆ ನಿಂತವನ ತೋಳು ಎಷ್ಟೇ ನೋಯಲಿ, ಕಲ್ಲು ಸರಿಯದಿದ್ದರೆ ಈ ಲೆಕ್ಕದಲ್ಲಿ ಕೆಲಸ ಸೊನ್ನೆ. (ಓದಿಗೆ ಸುಲಭವಾಗಲೆಂದು ಮುಂದೆ ಬಲವನ್ನೂ ಸಂತೆಯ ರೂಢಿಯಂತೆ ಕಿಲೋ ತೂಕದಲ್ಲೇ ಹೇಳಲಾಗಿದೆ.)

ಯಾವ ಸರಳ ಯಂತ್ರವೂ ಕೆಲಸವನ್ನು ಕಡಿಮೆ ಮಾಡುವುದಿಲ್ಲ. ಅದು ಮಾಡುವುದು ವಿನಿಮಯವನ್ನು ಮಾತ್ರ. ನೂರು ಕಿಲೋ ಭಾರವನ್ನು ಇಪ್ಪತ್ತು ಕಿಲೋ ಬಲದಿಂದ ಎತ್ತಬಹುದು, ಆದರೆ ಭಾರ ಒಂದು ಗೇಣು ಏರುವಷ್ಟರಲ್ಲಿ ಕೈ ಐದು ಗೇಣು ಸಾಗಿರಬೇಕು. ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ತೆರಬೇಕು. ಭಾರಕ್ಕೂ ನಾವು ಹಾಕಿದ ಬಲಕ್ಕೂ ಇರುವ ಅನುಪಾತವನ್ನು ಯಾಂತ್ರಿಕ ಅನುಕೂಲ ಎನ್ನುತ್ತಾರೆ. ಮೇಲಿನ ಉದಾಹರಣೆಯಲ್ಲಿ ಅದು 5. ನಿಜ ಜೀವನದಲ್ಲಿ ಘರ್ಷಣೆಯೂ ಒಂದು ಪಾಲು ಕೇಳುವುದರಿಂದ, ನಾವು ಕೊಟ್ಟ ಕೆಲಸವೆಲ್ಲ ಭಾರಕ್ಕೆ ತಲುಪುವುದಿಲ್ಲ. ತಲುಪಿದ ಪಾಲೇ ಯಂತ್ರದ ದಕ್ಷತೆ.

ಈ ತಿಳಿವಳಿಕೆ ಒಮ್ಮೆಗೇ ಬಂದದ್ದಲ್ಲ. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಸಿರಾಕ್ಯೂಸ್‌ನ ಆರ್ಕಿಮಿಡೀಸ್ ಸನ್ನೆಯ ಸಮತೋಲದ ನಿಯಮವನ್ನು ತರ್ಕಬದ್ಧವಾಗಿ ಸಾಧಿಸಿದ. ಕ್ರಿ.ಶ. ಮೊದಲ ಶತಮಾನದ ಅಲೆಕ್ಸಾಂಡ್ರಿಯದ ಹೆರಾನ್ ಐದು ಯಂತ್ರಗಳನ್ನು ಪಟ್ಟಿಮಾಡಿದ. ಇಳಿಜಾರು ಅವನ ಪಟ್ಟಿಯಲ್ಲಿರಲಿಲ್ಲ. ಇಳಿಜಾರಿನ ಮೇಲೆ ಭಾರ ಎಷ್ಟು ಬಲದಿಂದ ಜಾರುತ್ತದೆ ಎಂಬುದನ್ನು 1586ರಲ್ಲಿ ಸೈಮನ್ ಸ್ಟೆವಿನ್ ತೋರಿಸಿದ. ಯಂತ್ರಗಳು ಶಕ್ತಿಯನ್ನು ಹುಟ್ಟಿಸುವುದಿಲ್ಲ, ನಿಸರ್ಗವನ್ನು ವಂಚಿಸುವುದಿಲ್ಲ ಎಂದು ಸ್ಪಷ್ಟವಾಗಿ ವಾದಿಸಿದವನು ಸುಮಾರು 1600ರ ಹೊತ್ತಿಗೆ ಗೆಲಿಲಿಯೊ. ಘರ್ಷಣೆಯ ನಿಯಮಗಳು ಅಮೊಂಟನ್ (1699) ಮತ್ತು ಕೂಲಂಬ್ (1785) ಅವರಿಂದ ಬಂದವು. ನಮ್ಮಲ್ಲಿ 11ನೆಯ ಶತಮಾನದ ಭೋಜನ ‘ಸಮರಾಂಗಣ ಸೂತ್ರಧಾರ’ದಲ್ಲಿ ಯಂತ್ರಗಳಿಗೇ ಮೀಸಲಾದ ಅಧ್ಯಾಯವೊಂದಿದೆ.

ಏತ ಮತ್ತು ಕಪಿಲೆ

ಪಂಪ್‌ಸೆಟ್ಟು ಬರುವವರೆಗೆ ಹಳೆಯ ಮೈಸೂರಿನ ಬಾವಿಗಳಿಂದ ನೀರೆತ್ತುತ್ತಿದ್ದವು ಏತ ಮತ್ತು ಕಪಿಲೆ. 1800–01ರಲ್ಲಿ ಮೈಸೂರು ರಾಜ್ಯವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಇವೆರಡನ್ನೂ ಹೆಸರು ಹೇಳಿ ವರ್ಣಿಸಿದ್ದಾನೆ. ಸರಳ ಯಂತ್ರದ ತತ್ವವನ್ನು ಕಲಿಸಲು ಇವುಗಳಿಗಿಂತ ಒಳ್ಳೆಯ ಪಾಠವಿಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಏತವೆಂದರೆ ನೆಟ್ಟ ಕಂಬದ ಮೇಲೆ ತೂಗಾಡುವ ಉದ್ದನೆಯ ಮರ. ಉದ್ದ ತುದಿಯಿಂದ ಗಳುವಿನಲ್ಲೋ ಹಗ್ಗದಲ್ಲೋ ಇಳಿಬಿಟ್ಟ ಬಕೆಟ್ಟು. ಗಿಡ್ಡ ತುದಿಗೆ ಕಟ್ಟಿದ ಕಲ್ಲು. ಉದ್ದ ತೋಳು ಗಿಡ್ಡ ತೋಳಿನ ಮೂರರಷ್ಟಿದೆ, ಖಾಲಿ ಬಕೆಟ್ಟು 2 ಕಿಲೋ, ಅದು 20 ಲೀಟರ್ ನೀರು ಹಿಡಿಯುತ್ತದೆ ಎಂದುಕೊಳ್ಳೋಣ. ತುಂಬಿದ ಬಕೆಟ್ಟು 22 ಕಿಲೋ. ಕಲ್ಲು ಎಷ್ಟು ತೂಕವಿರಬೇಕು? ತುಂಬಿದ ಬಕೆಟ್ಟಿಗೆ ಸರಿದೂಗುವಂತೆ ಕಲ್ಲು ಕಟ್ಟಿದರೆ, ಖಾಲಿ ಬಕೆಟ್ಟನ್ನು ಬಾವಿಗಿಳಿಸಲು 20 ಕಿಲೋ ಬಲ ಹಾಕಬೇಕಾಗುತ್ತದೆ. ಕಲ್ಲೇ ಕಟ್ಟದಿದ್ದರೆ ಏರಿಸುವಾಗ ಪೂರ್ತಿ 22 ಕಿಲೋ. ಏತ ಕಟ್ಟುವವರು ಇವೆರಡರ ನಡುವೆ ನಿಲ್ಲುತ್ತಿದ್ದರು. ನಮ್ಮ ಲೆಕ್ಕದಲ್ಲಿ ಬಕೆಟ್ಟಿನ ಕಡೆ 12 ಕಿಲೋಗೆ ಸರಿದೂಗುವ ಕಲ್ಲು, ಅಂದರೆ ಮೂರರಷ್ಟು, 36 ಕಿಲೋ. ಆಗ ಖಾಲಿ ಬಕೆಟ್ಟನ್ನು ಕೆಳಕ್ಕೆಳೆಯಲು 10 ಕಿಲೋ ಬಲ ಸಾಕು, ತುಂಬಿದ್ದನ್ನು ಎತ್ತಲು ಮತ್ತೆ 10 ಕಿಲೋ.

ಈಗ ಕೆಲಸವನ್ನು ಕೂಡಿ ನೋಡಿ. ಬಾವಿ ಮೂರು ಮೀಟರ್ ಆಳವಿದ್ದರೆ ಇಳಿಸುವಾಗ 10 ಕಿಲೋ ಬಲ ಮೂರು ಮೀಟರ್, ಏರಿಸುವಾಗ 10 ಕಿಲೋ ಬಲ ಮೂರು ಮೀಟರ್. ನೀರಿಗೆ ದಕ್ಕಿದ್ದು 20 ಕಿಲೋ ಮೂರು ಮೀಟರ್. ಎರಡೂ ಒಂದೇ. ಕಲ್ಲು ತನ್ನದಾಗಿ ಏನನ್ನೂ ಕೊಟ್ಟಿಲ್ಲ. ಇಳಿಸುವಾಗ ಮನುಷ್ಯ ಕೊಟ್ಟ ಕೆಲಸವನ್ನು ಮೇಲೇರಿ ಇಟ್ಟುಕೊಂಡು, ಬಕೆಟ್ಟು ಏರುವಾಗ ಹಿಂದಿರುಗಿಸಿತು. ಹಾಗಾದರೆ ಲಾಭವೇನು? ಬಾವಿಯ ಅಂಚಿನಲ್ಲಿ ಬಗ್ಗಿ 22 ಕಿಲೋ ಮೇಲಕ್ಕೆ ಜಗ್ಗುವುದಕ್ಕಿಂತ, ತನ್ನ ಮೈತೂಕವನ್ನೇ ಹೇರಿ 10 ಕಿಲೋ ಕೆಳಕ್ಕೆಳೆಯುವುದು ಸೊಂಟಕ್ಕೂ ತೋಳಿಗೂ ಹಗುರ. ಕೆಲವೆಡೆ ಒಬ್ಬಾಳು ಏತದ ಮರದ ಮೇಲೇ ನಡೆದಾಡುತ್ತಿದ್ದ. ಅವನು ಹಿಂದೆ ಮುಂದೆ ಸರಿದಂತೆ ಮರ ತೂಗಿ ನೀರು ಮೇಲೆ ಬರುತ್ತಿತ್ತು. ಅಲ್ಲಿ ಕಲ್ಲಿನ ಜಾಗದಲ್ಲಿ ನಿಂತವನು ಮನುಷ್ಯನೇ.

ಕಪಿಲೆಯಲ್ಲಿ ಆಳಿನ ಬದಲು ಎತ್ತುಗಳು. ತೊಗಲಿನ ಚೀಲಕ್ಕೆ ಕಟ್ಟಿದ ಹಗ್ಗ ಬಾವಿಯ ಮೇಲಿನ ರಾಟೆಯನ್ನು ಬಳಸಿ ನೊಗಕ್ಕೆ ಬರುತ್ತದೆ. ಎತ್ತುಗಳು ಬಾವಿಯಿಂದ ದೂರಕ್ಕೆ, ಕೆಳಮುಖವಾದ ಇಳಿಜಾರಿನಲ್ಲಿ ನಡೆಯುತ್ತವೆ. ಹೀಗೆ ಒಂದೆಡೆ ಬಿಗಿದ ರಾಟೆ ಬಲವನ್ನು ಕಡಿಮೆ ಮಾಡುವುದಿಲ್ಲ. ಮೇಲಕ್ಕೆ ಎಳೆಯಬೇಕಾದುದನ್ನು ಮುಂದಕ್ಕೆ ಎಳೆಯುವಂತೆ ದಿಕ್ಕು ತಿರುಗಿಸುತ್ತದೆ, ಅಷ್ಟೆ. ಜಾಣತನವಿರುವುದು ಇಳಿಜಾರಿನಲ್ಲಿ. ಎರಡು ಎತ್ತುಗಳ ತೂಕ 600 ಕಿಲೋ ಮತ್ತು ಇಳಿಜಾರು ಐದಕ್ಕೆ ಒಂದು ಎಂದಾದರೆ, ಅವುಗಳ ಮೈತೂಕದ ಐದನೆಯ ಒಂದು ಪಾಲು, ಸುಮಾರು 120 ಕಿಲೋ, ಹಗ್ಗವನ್ನು ತಾನಾಗಿ ಎಳೆಯುತ್ತಿರುತ್ತದೆ. ನೂರು ಕಿಲೋ ನೀರಿನ ಚೀಲ ಮೇಲೆ ಬರುವುದರಲ್ಲಿ ಆಶ್ಚರ್ಯವಿಲ್ಲ. ಇದರ ಬೆಲೆಯನ್ನು ತೆರುವುದು ಯಾವಾಗ? ಚೀಲ ಬರಿದಾದ ಮೇಲೆ ಎತ್ತುಗಳು ಹಿಂದಡಿಯಿಡುತ್ತ ಅದೇ ಇಳಿಜಾರನ್ನು ಹತ್ತುವಾಗ. ಏತದಂತೆಯೇ ಇಲ್ಲಿಯೂ ಕೆಲಸದ ದೊಡ್ಡ ಪಾಲು ಮುಗಿಯುವುದು ಪಾತ್ರೆ ಖಾಲಿ ಇರುವಾಗ. ನೋಡುವವರಿಗೆ ಬಿಡುವಿನ ಹೊತ್ತಾಗಿ ಕಾಣುವುದೇ ಎತ್ತಿಗೆ ದುಡಿಮೆಯ ಹೊತ್ತು.

ಇಂದು ಚನ್ನರಾಯಪಟ್ಟಣದ ಒಣ ಭಾಗಗಳಲ್ಲಿ ಕೊಳವೆಬಾವಿಯೇ ಗತಿ. ಕೆಟ್ಟ ಪಂಪನ್ನು ಮೇಲೆತ್ತಲು ಮುಕ್ಕಾಲಿಗೆ ತೂಗುಹಾಕುವ ಚೈನ್ ಬ್ಲಾಕ್ ಕೂಡ ರಾಟೆಯ ಬಂಧುವೇ. ಒಂದು ರಾಟೆ ಭಾರದ ಜೊತೆ ತಾನೂ ಸರಿಯುವಂತಿದ್ದರೆ ಎರಡು ಎಳೆಗಳು ಭಾರವನ್ನು ಹಂಚಿಕೊಳ್ಳುತ್ತವೆ. ನಾಲ್ಕು ಎಳೆಗಳಿದ್ದರೆ ಬಲ ಕಾಲುಪಾಲು, ಎಳೆಯಬೇಕಾದ ಸರಪಳಿ ನಾಲ್ಕರಷ್ಟು.

ಸನ್ನೆಯ ಮೂರು ಬಗೆ

ಆನಿಕೆ, ಭಾರ, ಬಲ ಈ ಮೂರು ಯಾವ ಕ್ರಮದಲ್ಲಿವೆ ಎಂಬುದರ ಮೇಲೆ ಸನ್ನೆಗಳನ್ನು ಮೂರಾಗಿ ವಿಂಗಡಿಸುತ್ತಾರೆ. ಆನಿಕೆ ನಡುವೆ ಇದ್ದರೆ ಮೊದಲ ಬಗೆ: ಏತ, ತಕ್ಕಡಿ, ಬಂಡೆಯಡಿ ಕೊಟ್ಟ ಹಾರೆ. ಭಾರ ನಡುವೆ ಇದ್ದರೆ ಎರಡನೆಯದು. ಅಡಕತ್ತರಿ ಇದರ ಒಳ್ಳೆಯ ಮಾದರಿ. ಕೀಲಿನಿಂದ ಅಡಕೆಗೆ 3 ಸೆಂಟಿಮೀಟರ್, ಕೈಗೆ 15 ಸೆಂಟಿಮೀಟರ್ ಇದ್ದರೆ ಬೆರಳುಗಳ ಬಲ ಐದರಷ್ಟಾಗಿ ಅಡಕೆಯ ಮೇಲೆ ಬೀಳುತ್ತದೆ. ಗಟ್ಟಿ ಅಡಕೆಯನ್ನು ಅಜ್ಜಿ ಕೀಲಿನ ಹತ್ತಿರಕ್ಕೆ ಒತ್ತಿ ಇಡುವುದು ಈ ದೂರವನ್ನು ಇನ್ನೂ ಕುಗ್ಗಿಸಲು.

ಮೂರನೆಯದರಲ್ಲಿ ಬಲ ನಡುವೆ. ಇಲ್ಲಿ ಬಲದಲ್ಲಿ ನಷ್ಟ, ದೂರದಲ್ಲಿ ಲಾಭ. ಅಂಗಳ ಗುಡಿಸುವ ಪೊರಕೆ, ರೊಟ್ಟಿ ತಿರುವುವ ಚಿಮುಟ ಇವೆಲ್ಲ ಇದೇ ಬಗೆ. ನಮ್ಮ ಮುಂಗೈಯೂ ಹಾಗೆಯೇ. ಮೊಣಕೈ ಕೀಲಿನಿಂದ ಸುಮಾರು 4 ಸೆಂಟಿಮೀಟರ್ ದೂರದಲ್ಲಿ ತೋಳಿನ ಸ್ನಾಯು ಅಂಟಿಕೊಂಡಿರುತ್ತದೆ, ಅಂಗೈ 35 ಸೆಂಟಿಮೀಟರ್ ದೂರದಲ್ಲಿ. ಐದು ಕಿಲೋ ಆಲೂಗಡ್ಡೆಯ ಚೀಲ ಹಿಡಿದು ಮುಂಗೈ ಚಾಚಿದವರ ಸ್ನಾಯು 40 ಕಿಲೋಗೂ ಮೀರಿದ ಬಲದಿಂದ ಎಳೆಯುತ್ತಿರುತ್ತದೆ. ಬಲ ಕಳೆದುಕೊಂಡು ದೇಹ ಪಡೆದದ್ದು ಚುರುಕನ್ನು.

ನೊಗವೂ ಸನ್ನೆ ಎಂಬುದನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ, ರೈತರು ಮಾತ್ರ ಮರೆಯುವುದಿಲ್ಲ. ಬಲಿತ ಹಳ್ಳಿಕಾರ್ ಎತ್ತಿನ ಜೊತೆ ಎಳೆಯ ಹೋರಿಯನ್ನು ಪಳಗಿಸುವಾಗ ನೇಗಿಲಿನ ಕಟ್ಟನ್ನು ನೊಗದ ನಟ್ಟನಡುವೆ ಬಿಗಿಯದೆ ಬಲಿತ ಎತ್ತಿನ ಕಡೆಗೆ ಒಂದಿಷ್ಟು ಸರಿಸುತ್ತಾರೆ. ಕಟ್ಟಿನಿಂದ ಹತ್ತಿರವಿರುವ ಹೆಗಲಿಗೆ ಹೆಚ್ಚು ಭಾರ, ದೂರದ ಹೆಗಲಿಗೆ ಕಡಿಮೆ. ಎರಡೂ ಕಡೆ ಬಲ ಮತ್ತು ದೂರದ ಗುಣಲಬ್ಧ ಒಂದೇ ಆಗಿರಬೇಕೆಂಬ ಆರ್ಕಿಮಿಡೀಸನ ನಿಯಮವೇ ಇದು. ಬೂಕನಬೆಟ್ಟದ ದನಗಳ ಜಾತ್ರೆಯಿಂದ ಹೊಸ ಹೋರಿ ತಂದ ಮನೆಯಲ್ಲಿ ಆ ನಿಯಮ ಮೊದಲ ಉಳುಮೆಯ ದಿನವೇ ಜಾರಿಗೆ ಬರುತ್ತದೆ.

ತಿರುಗುವ ಸನ್ನೆ: ಗಾಣ, ಗಾಡಿ, ಹೊಯ್ಸಳರ ಕಂಬ

ಚಕ್ರವನ್ನು ಕೊನೆಯಿಲ್ಲದ ಸನ್ನೆ ಎಂದು ತಿಳಿಯಬಹುದು. ರಾಗಿ ಬೀಸುವ ಕಲ್ಲಿನ ಹಿಡಿಗೂಟವನ್ನು ಅಂಚಿನಲ್ಲಿ ನೆಟ್ಟಿರುವುದು, ಕಾಳು ಹಾಕುವ ಕುಳಿಯನ್ನು ನಡುವೆ ಕೊರೆದಿರುವುದು ಈ ಕಾರಣಕ್ಕೆ. ಕೈ ದೊಡ್ಡ ಸುತ್ತು ಹಾಕಿದರೆ ಒಳಗೆ ದೊಡ್ಡ ಬಲ ಹುಟ್ಟುತ್ತದೆ. ಎತ್ತು ಕಟ್ಟಿದ ಕಬ್ಬಿನ ಗಾಣದಲ್ಲಿ ಇದೇ ತತ್ವ ಇನ್ನೂ ಜೋರಾಗಿ ಕಾಣುತ್ತದೆ. ಎತ್ತು ಸುತ್ತುವ ದಾರಿಯ ತ್ರಿಜ್ಯ 3 ಮೀಟರ್, ಕಬ್ಬು ಅರೆಯುವ ಉರುಳೆಯ ತ್ರಿಜ್ಯ 15 ಸೆಂಟಿಮೀಟರ್ ಆದರೆ ಅನುಕೂಲ 20. ಎತ್ತು 60 ಕಿಲೋ ಬಲದಿಂದ ಎಳೆದರೆ ಉರುಳೆಯ ಮೈಮೇಲೆ 1,200 ಕಿಲೋವರೆಗೆ ಬಲ ಸಿಗಬಹುದು; ಘರ್ಷಣೆ ಅದರಲ್ಲಿ ಒಂದಿಷ್ಟು ತಿನ್ನುತ್ತದೆ. ವಿನಿಮಯದ ಇನ್ನೊಂದು ಮುಖವೆಂದರೆ, ಎತ್ತು ಸುಮಾರು 19 ಮೀಟರಿನ ಒಂದು ಸುತ್ತು ಮುಗಿಸಿದಾಗ ಗಾಣದ ಬಾಯಿಗೆ ಹೋಗುವ ಕಬ್ಬು ಒಂದು ಮೀಟರಿಗೂ ಕಡಿಮೆ. ಆಲೆಮನೆಯಲ್ಲಿ ರಾತ್ರಿಯಿಡೀ ಗಾಣ ತಿರುಗಬೇಕಾಗಿದ್ದದ್ದು ಈ ಲೆಕ್ಕದಿಂದ.

ಗಾಡಿಯ ಚಕ್ರದ ಕೆಲಸ ಬೇರೆ. ಅದು ಘರ್ಷಣೆಯನ್ನು ಕಿರಿದಾದ ಜಾಗಕ್ಕೆ ಸಾಗಿಸುತ್ತದೆ. ಸಾವಿರ ಕಿಲೋ ತೆಂಗಿನಕಾಯಿಯನ್ನು ನೆಲದ ಮೇಲೆ ಎಳೆದೊಯ್ಯಲು 300 ಕಿಲೋ ಬಲ ಬೇಕೆನ್ನೋಣ. ಅದನ್ನೇ ಗಾಡಿಗೆ ಹೇರಿದರೆ ಉಜ್ಜಾಟ ನಡೆಯುವುದು ಅಚ್ಚಿಗೂ ಗುಂಬಕ್ಕೂ ನಡುವೆ. ಅಚ್ಚಿನ ತ್ರಿಜ್ಯ 2.5 ಸೆಂಟಿಮೀಟರ್, ಚಕ್ರದ್ದು 75 ಸೆಂಟಿಮೀಟರ್ ಆದರೆ ಚಕ್ರ ಮೂವತ್ತರಷ್ಟು ಉದ್ದದ ಸನ್ನೆಯಾಗಿ ಆ ಉಜ್ಜಾಟವನ್ನು ಗೆಲ್ಲುತ್ತದೆ. ಆಗ ಅಚ್ಚಿನ ಘರ್ಷಣೆಗೆ 10 ಕಿಲೋ ಸಾಕು, ಕೀಲೆಣ್ಣೆ ಹಚ್ಚಿದರೆ ಅದಕ್ಕೂ ಕಡಿಮೆ. ಉಳಿಯುವುದು ಮಣ್ಣಿನಲ್ಲಿ ಹೂತ ಚಕ್ರ ಕೇಳುವ ಬಲ ಮಾತ್ರ. ಹಳ್ಳಿಗಾಡಿಯ ಚಕ್ರ ಅಷ್ಟು ಎತ್ತರವಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ದಾರಿಯ ಕಲ್ಲನ್ನು ಹತ್ತುವಾಗ ದೊಡ್ಡ ಚಕ್ರಕ್ಕೆ ಸಿಗುವ ತೋಳು ಉದ್ದ.

ಹೊಯ್ಸಳ ಗುಡಿಗಳ ನುಣುಪಾದ ಕಂಬಗಳನ್ನು ನೋಡಿದವರಿಗೆ ಚಕ್ರದ ಮತ್ತೊಂದು ಬಳಕೆ ತಾನಾಗಿ ಹೊಳೆಯುತ್ತದೆ. ಬೇಲೂರು (1117), ಹಳೇಬೀಡು, ದೊಡ್ಡಗದ್ದವಳ್ಳಿ, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ (1246) ಇಲ್ಲೆಲ್ಲ ಗಂಟೆಯಾಕಾರದ, ಉಂಗುರ ಉಂಗುರವಾದ ಕಂಬಗಳಿವೆ. ಇವುಗಳನ್ನು ಕಡೆದು, ಅಂದರೆ ಕಲ್ಲನ್ನು ಅಚ್ಚಿನ ಸುತ್ತ ತಿರುಗಿಸಿ ಉಳಿ ಕೊಟ್ಟು ರೂಪಿಸಿದರೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಈ ಕಂಬಗಳ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ಬಿಟ್ಟಂತೆ ಗಟ್ಟಿ. ಆದ್ದರಿಂದ ಈ ಕೆಲಸ ಸಾಧ್ಯವಾಯಿತು. ಆದರೂ ಅದು ಹಗುರ ಕೆಲಸವಲ್ಲ. ಮೂರು ಮೀಟರ್ ಉದ್ದ, 60 ಸೆಂಟಿಮೀಟರ್ ದಪ್ಪದ ಕಂಬವೊಂದು ಎರಡು ಟನ್ನಿಗೂ ಮೀರಿ ತೂಗುತ್ತದೆ. ಅಷ್ಟು ಭಾರ ಒಮ್ಮೆ ತಿರುಗತೊಡಗಿದರೆ ತನ್ನ ಜಡತ್ವದಿಂದಲೇ ಒಂದೇ ವೇಗದಲ್ಲಿ ಸಾಗುತ್ತದೆ, ಉಳಿಯ ಗೀರು ಸಮನಾಗಿ ಬೀಳುತ್ತದೆ. ಕಂಬದ ಭಾರ ಎತ್ತುವವನಿಗೆ ಶತ್ರು, ಕಡೆಯುವವನಿಗೆ ಮಿತ್ರ.

ಬೇಲೂರಿನ ಪ್ರಾಂಗಣದಲ್ಲಿ ಜಗಲಿಯ ಮೇಲೆ ತಳಪಾಯವಿಲ್ಲದೆ ನಿಂತಿರುವ, ಸುಮಾರು 42 ಅಡಿ ಎತ್ತರದ ದೀಪದ ಕಂಬವೂ ಸನ್ನೆಯ ಪಾಠವೇ. ಕಂಬವನ್ನು ಉರುಳಿಸಲು ನೋಡುವ ಬಲಕ್ಕೆ ತಳದ ಒಂದು ಅಂಚು ಆನಿಕೆ. ಕಂಬದ ತೂಕ ಅದೇ ಅಂಚಿನ ಈಚೆಗೆ ಬಿದ್ದು ಅದನ್ನು ಮರಳಿ ನೆಲಕ್ಕೊತ್ತುತ್ತದೆ. ತೂಕದ ಗೆರೆ ತಳದೊಳಗೆ ಬೀಳುವವರೆಗೂ ಕಂಬ ನಿಲ್ಲುತ್ತದೆ.

ಇಳಿಜಾರು ಮತ್ತು ಬೆಣೆ

ಶ್ರವಣಬೆಳಗೊಳದ ದೊಡ್ಡಬೆಟ್ಟ ಸುತ್ತಲ ಬಯಲಿನಿಂದ ಸುಮಾರು 470 ಅಡಿ ಎತ್ತರ. ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. 60 ಕಿಲೋ ತೂಗುವ ಯಾತ್ರಿಕ ಇದನ್ನು ಹತ್ತಿದರೆ ಗುರುತ್ವದ ವಿರುದ್ಧ ಸುಮಾರು 84,000 ಜೌಲ್ ಕೆಲಸವಾಗುತ್ತದೆ. ನೇರವಾಗಿ ಹತ್ತಲಿ, ಸುತ್ತಿ ಹತ್ತಲಿ, ಈ ಸಂಖ್ಯೆ ಬದಲಾಗದು. ಮೆಟ್ಟಿಲು ಮಾಡುವುದು ಅದನ್ನು ತುಂಡು ತುಂಡಾಗಿ, ಒಂದೊಂದು ಹೆಜ್ಜೆಗೆ ಒಂಬತ್ತು ಅಂಗುಲದಂತೆ ಹಂಚಿಕೊಡುವುದನ್ನು. ನಡೆಯಲಾರದವರನ್ನು ಡೋಲಿಯಲ್ಲಿ ಹೊರುವವರಿಗೆ ಸನ್ನೆಯ ಲೆಕ್ಕವೂ ಸೇರಿಕೊಳ್ಳುತ್ತದೆ. ಕುಳಿತವರ ಭಾರ ಹೊರೆಗೋಲಿಗಿಂತ ಮೇಲಿದ್ದರೆ, ಏರಿನಲ್ಲಿ ಕೋಲು ಓರೆಯಾದಂತೆ ಹೆಚ್ಚಿನ ಪಾಲು ಕೆಳಗಿರುವವರ ಹೆಗಲಿಗೆ ಜಾರುತ್ತದೆ.

ಇದೇ ಬೆಟ್ಟದ ನೆತ್ತಿಯಲ್ಲಿ ಗಂಗರ ಮಂತ್ರಿ ಚಾವುಂಡರಾಯ ಕ್ರಿ.ಶ. 981ರ ಹೊತ್ತಿಗೆ ಮಾಡಿಸಿದ ಸುಮಾರು 58 ಅಡಿಯ ಗೊಮ್ಮಟ ನಿಂತಿದ್ದಾನೆ. ಅಷ್ಟು ದೊಡ್ಡ ಕಲ್ಲನ್ನು ಮೇಲೇರಿಸಲು ಯಾವ ಸನ್ನೆ, ಯಾವ ಇಳಿಜಾರೂ ಬೇಕಾಗಲಿಲ್ಲ. ಬೆಟ್ಟದ ಬಂಡೆಯನ್ನೇ ಕೆತ್ತಿ ಬೇಡದ್ದನ್ನು ಕೆಳಗಿಳಿಸಿದರು. ಭಾರವನ್ನು ಎತ್ತುವ ಬದಲು ಇಳಿಸುವುದನ್ನು ಆರಿಸಿಕೊಂಡ ಈ ತೀರ್ಮಾನ, ನನ್ನ ಎಣಿಕೆಯಲ್ಲಿ, ಈ ಸೀಮೆಯ ಯಂತ್ರವಿದ್ಯೆಯ ಅತ್ಯಂತ ದೊಡ್ಡ ವಿವೇಕ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ರೈಲುದಾರಿ ಇಳಿಜಾರಿನ ಆಧುನಿಕ ರೂಪ. ಅದರ ಏರು 50ಕ್ಕೆ 1. ಆ ಒಂದು ಅನುಪಾತವನ್ನು ಕಾಪಾಡಲು 57 ಸುರಂಗಗಳನ್ನು ಕೊರೆಯಬೇಕಾಯಿತು. ಸಾವಿರ ಟನ್ ಗಾಡಿಯನ್ನು ಈ ಏರಿನಲ್ಲಿ ಬರಿಯ ಗುರುತ್ವದ ವಿರುದ್ಧ ಎಳೆಯಲು 20 ಟನ್ ಬಲ ಬೇಕು. ಏರು 25ಕ್ಕೆ 1 ಆಗಿದ್ದರೆ ಹಳಿ ಅರ್ಧವಾಗುತ್ತಿತ್ತು, ಬಲ 40 ಟನ್ ಆಗುತ್ತಿತ್ತು.

ಬೆಣೆಯೆಂದರೆ ತಾನೇ ಸರಿಯುವ ಇಳಿಜಾರು. ಕೊಡಲಿ, ಉಳಿ, ನೇಗಿಲಿನ ಕುಳ, ಈಳಿಗೆ ಮಣೆಯ ಅಲಗು ಎಲ್ಲವೂ ಬೆಣೆಗಳೇ. ಉದ್ದ ಹೆಚ್ಚಿ ದಪ್ಪ ಕಡಿಮೆಯಾದಷ್ಟೂ ಅನುಕೂಲ ಹೆಚ್ಚು. ಕಲ್ಲುಕುಟಿಗರು ಬಂಡೆಯ ಮೇಲೆ ಸಾಲಾಗಿ ಗುಳಿ ಹೊಡೆದು, ಒಂದೊಂದರಲ್ಲೂ ಬೆಣೆ ಇಟ್ಟು ಸರದಿಯ ಮೇಲೆ ಸುತ್ತಿಗೆಯಿಂದ ಬಡಿಯುತ್ತಾರೆ. ಒಂದೇ ಬೆಣೆಯನ್ನು ಬಡಿದರೆ ಕಲ್ಲು ಚಕ್ಕೆ ಹಾರುತ್ತದೆ. ಸಾಲಿನ ಎಲ್ಲವೂ ಒಟ್ಟಿಗೆ ಬಿಗಿದಾಗ ಗೆರೆ ಎಳೆದಂತೆ ಸೀಳುತ್ತದೆ. ಚನ್ನರಾಯಪಟ್ಟಣದ ತೋಟಗಳಲ್ಲಿ ಕಾಯಿ ಸುಲಿಯುವವರು ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ತೆಂಗಿನಕಾಯಿಯನ್ನು ಚುಚ್ಚಿ ಹೊರಳಿಸುತ್ತಾರೆ. ಚುಚ್ಚುವಾಗ ಮೊನೆ ಬೆಣೆ, ಹೊರಳಿಸುವಾಗ ಕಾಯಿಯೇ ಸನ್ನೆ.

ತೇರಿನ ದಿನ ಈ ಎಲ್ಲ ಯಂತ್ರಗಳೂ ಒಂದೆಡೆ ಸೇರುತ್ತವೆ. ಬೇಲೂರು ಚನ್ನಕೇಶವನದಿರಲಿ, ಕಾವೇರಿ ದಡದ ರಾಮನಾಥಪುರದ ಸುಬ್ರಹ್ಮಣ್ಯನದಿರಲಿ, ನಿಂತ ತೇರು ಕದಲುವುದೇ ಕಷ್ಟ. ನಿಂತ ವಸ್ತುವಿನ ಘರ್ಷಣೆ ಸರಿಯುವ ವಸ್ತುವಿನದಕ್ಕಿಂತ ಹೆಚ್ಚು. ಅದಕ್ಕೇ ಹಗ್ಗ ಎಳೆಯುವವರು ನೂರಾರು ಮಂದಿಯಿದ್ದರೂ ಚಕ್ರದ ಹಿಂದೆ ಸನ್ನೆ ಹಾಕುವ ಆಳುಗಳು ಬೇಕು. ತೇರು ಹೊರಟ ಮೇಲೆ ಅದನ್ನು ತಿರುಗಿಸುವುದೂ ನಿಲ್ಲಿಸುವುದೂ ಓರೆಯಾಗಿ ಕೆತ್ತಿದ ಮರದ ತುಂಡು ಹಿಡಿದು ಚಕ್ರದ ಪಕ್ಕ ನಡೆಯುವವರ ಕೈಯಲ್ಲಿದೆ. ತುಂಡನ್ನು ಒಂದು ಚಕ್ರದಡಿಗೆ ಕೊಟ್ಟರೆ ಆ ಚಕ್ರ ಬೆಣೆಯನ್ನು ಹತ್ತಬೇಕಾಗಿ ನಿಧಾನವಾಗುತ್ತದೆ, ಇನ್ನೊಂದು ಬದಿ ಮುಂದೆ ಹೋಗಿ ತೇರು ಹೊರಳುತ್ತದೆ. ಆ ಕೈಗಳ ನೈಪುಣ್ಯಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ.

ತಿರುಪು ಮತ್ತು ಘರ್ಷಣೆಯ ಉಪಕಾರ

ಕಂಬಕ್ಕೆ ಸುತ್ತಿದ ಇಳಿಜಾರೇ ತಿರುಪು. ಹಾಸನ ಸೀಮೆಯ ಮನೆಗಳಲ್ಲಿ ಇದರ ಅತ್ಯಂತ ಪ್ರೀತಿಯ ಬಳಕೆ ಒತ್ತು ಶಾವಿಗೆಯ ಒರಳು. ಬೇಯಿಸಿದ ಅಕ್ಕಿ ಅಥವಾ ರಾಗಿ ಹಿಟ್ಟಿನ ಉಂಡೆ ಬಿಸಿ ಇರುವಾಗಲೇ ಒತ್ತಬೇಕು, ಆರಿದರೆ ಬಿಗಿಯಾಗಿ ತೂತುಗಳಿಂದ ಇಳಿಯದು. ಹಳೆಯ ಮರದ ಒರಳಿನಲ್ಲಿ ಉದ್ದ ಮರದ ತುದಿಗೆ ಮೈಭಾರ ಹಾಕಿ ಸನ್ನೆಯಿಂದ ಒತ್ತುತ್ತಿದ್ದರು. ತಿರುಪಿನ ಒರಳಿನಲ್ಲಿ ಹಿಡಿಯ ಉದ್ದ 25 ಸೆಂಟಿಮೀಟರ್, ಒಂದು ಸುತ್ತಿಗೆ ತಿರುಪು ಇಳಿಯುವುದು 5 ಮಿಲಿಮೀಟರ್ ಆದರೆ, ಕೈ ಸಾಗುವ ದೂರ ಒತ್ತುಬಿಲ್ಲೆ ಇಳಿಯುವ ದೂರದ 314ರಷ್ಟು. ಘರ್ಷಣೆ ಐದರಲ್ಲಿ ನಾಲ್ಕು ಪಾಲು ನುಂಗಿದರೂ ಅನುಕೂಲ 60 ದಾಟುತ್ತದೆ. ಐದು ಕಿಲೋ ಬಲದಿಂದ ತಿರುಗಿಸುವ ಕೈ 300 ಕಿಲೋ ಹೇರಿದಂತೆ ಒತ್ತುತ್ತದೆ. ಮೊದಲು ಇಬ್ಬರು ಬೇಕಾಗುತ್ತಿದ್ದ ಕೆಲಸ ಒಬ್ಬಾಕೆಯಿಂದ ಆಗುತ್ತದೆ. ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ. ಕಾಯಿಹಾಲಿಗೆ ಕಾದು ಕುಳಿತ ಮಕ್ಕಳಿಗೆ ಅದು ಗೊತ್ತು.

ನಾಲೆಯ ತೂಬಿನ ಬಾಗಿಲನ್ನು ಎತ್ತುವ ಉದ್ದನೆಯ ತಿರುಪುಗಂಬವೂ ಇದೇ. ಅರಕಲಗೂಡು ತಾಲ್ಲೂಕಿನ ಕಟ್ಟೇಪುರದ ಕೃಷ್ಣರಾಜ ಕಟ್ಟೆ ಕಾವೇರಿಯಿಂದ, ಹೊಳೆನರಸೀಪುರ ತಾಲ್ಲೂಕಿನ ಶ್ರೀರಾಮದೇವರ ಕಟ್ಟೆ ಹೇಮಾವತಿಯಿಂದ ನೀರನ್ನು ನಾಲೆಗೆ ತಿರುಗಿಸುತ್ತವೆ. ಇಂಥ ನಾಲೆಗಳ ಉದ್ದಕ್ಕೂ ಒಬ್ಬ ನೀರುಗಂಟಿ ಹಿಡಿ ತಿರುಗಿಸಿ ಬಾಗಿಲು ಎತ್ತುತ್ತಾನೆ. ಕೈಬಿಟ್ಟರೆ ಬಾಗಿಲು ಧಡಕ್ಕನೆ ಬೀಳಬೇಕಲ್ಲವೇ? ಬೀಳುವುದಿಲ್ಲ. ತಿರುಪಿನ ಎಳೆಗಳ ನಡುವಿನ ಘರ್ಷಣೆ ಬಾಗಿಲಿನ ಭಾರವನ್ನು ಹಿಡಿದು ನಿಲ್ಲಿಸುತ್ತದೆ. ಭಾರ ತಾನಾಗಿ ಹಿಂದಿರುಗಲಾರದು ಎಂದರೆ, ಘರ್ಷಣೆಗೆ ಹೋಗುವ ಪಾಲು ಭಾರಕ್ಕೆ ದಕ್ಕುವ ಪಾಲಿಗಿಂತ ಕಡಿಮೆಯಿಲ್ಲ ಎಂದರ್ಥ. ಆದ್ದರಿಂದ ತಾನೇ ಹಿಡಿದು ನಿಲ್ಲುವ ತಿರುಪಿನ ದಕ್ಷತೆ ಅರ್ಧವನ್ನು ಮೀರಲಾರದು. ಇಲ್ಲಿ ನಷ್ಟವೇ ಭದ್ರತೆ. ದಕ್ಷತೆ ಹೆಚ್ಚಿದಷ್ಟೂ ಯಂತ್ರ ಒಳ್ಳೆಯದೆಂಬ ಮಾತು ತೂಬಿಗೆ ಅನ್ವಯಿಸದು.

ಗೊರೂರಿನ ಗೇಟು

1979ರಲ್ಲಿ ಮುಗಿದ ಗೊರೂರಿನ ಹೇಮಾವತಿ ಅಣೆಕಟ್ಟೆ ಸುಮಾರು 37 ಟಿಎಂಸಿ ನೀರು ಹಿಡಿಯುತ್ತದೆ. ಪೂರ್ಣಮಟ್ಟ 2,922 ಅಡಿ. ಮಳೆಗಾಲದಲ್ಲಿ ಜನ ನೋಡಲು ಹೋಗುವುದು ಅದರ ಆರು ಕ್ರೆಸ್ಟ್ ಗೇಟುಗಳಿಂದ ಧುಮ್ಮಿಕ್ಕುವ ನೀರನ್ನು. ನೋಡಬೇಕಾದದ್ದು ಗೇಟಿನ ಬಾಗನ್ನು. ಹತ್ತು ಮೀಟರ್ ಅಗಲ, ಹತ್ತು ಮೀಟರ್ ಎತ್ತರದ ಗೇಟಿನ ಹಿಂದೆ ನೀರು ತುಂಬಿದ್ದರೆ ಅದು ಸುಮಾರು 500 ಟನ್ ಬಲದಿಂದ ನೂಕುತ್ತದೆ. ಚಪ್ಪಟೆ ಬಾಗಿಲಾದರೆ ಈ ಬಲ ಅದನ್ನು ಕಲ್ಲಿನ ತೋಡಿಗೆ ಒತ್ತಿ ಹಿಡಿಯುತ್ತದೆ. ಉರುಳೆಗಳಿಲ್ಲದೆ ಎಳೆಯಲು ಹೋದರೆ ಘರ್ಷಣೆಗೇ ನೂರಾರು ಟನ್ ತೆರಬೇಕು. ಗೊರೂರಿನಲ್ಲಿರುವ ರೇಡಿಯಲ್ ಗೇಟು ವೃತ್ತದ ತುಂಡಿನಂತೆ ಬಾಗಿದೆ. ನೀರಿನ ಒತ್ತಡ ಯಾವ ಜಾಗದಲ್ಲೂ ಮೇಲ್ಮೈಗೆ ಲಂಬವಾಗಿಯೇ ಬೀಳುತ್ತದೆ. ವೃತ್ತಕ್ಕೆ ಲಂಬವೆಂದರೆ ಕೇಂದ್ರದ ಕಡೆಗೆ. ಆ ಕೇಂದ್ರದಲ್ಲೇ ಗೇಟಿನ ಕೀಲನ್ನು ಕೂರಿಸಿದ್ದಾರೆ. ಕೀಲಿನ ಮೂಲಕವೇ ಹಾದುಹೋಗುವ ಬಲಕ್ಕೆ ತೋಳಿನ ಉದ್ದ ಸೊನ್ನೆ, ಆದ್ದರಿಂದ ಗೇಟನ್ನು ತಿರುಗಿಸುವ ಶಕ್ತಿಯೂ ಸೊನ್ನೆ. ನೂರಾರು ಟನ್ ನೀರು ನೂಕುತ್ತಿದ್ದರೂ ಮೋಟಾರು ಎತ್ತಬೇಕಾದದ್ದು ಗೇಟಿನ ತೂಕವನ್ನು, ಜೊತೆಗೆ ಕೀಲಿನ ಮತ್ತು ಅಂಚಿನ ಘರ್ಷಣೆಯನ್ನು ಮಾತ್ರ. ಏತದಲ್ಲಿ ತೋಳನ್ನು ಉದ್ದಮಾಡಿ ಗೆದ್ದರು, ಇಲ್ಲಿ ತೋಳನ್ನು ಇಲ್ಲವಾಗಿಸಿ ಗೆದ್ದರು.

ಏತದ ಕಲ್ಲಿನ ತತ್ವವೂ ಅಣೆಕಟ್ಟೆಗಳಿಗೆ ಹೊಸದಲ್ಲ. ಎಂ. ವಿಶ್ವೇಶ್ವರಯ್ಯನವರು ರೂಪಿಸಿ, 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ ಮೊದಲು ಅಳವಡಿಸಿದ ಸ್ವಯಂಚಾಲಿತ ಗೇಟುಗಳು ತೂಕಕ್ಕೆ ಪ್ರತಿತೂಕ ಎಂಬ ಇದೇ ಉಪಾಯದಿಂದ ನೀರೇರಿದಾಗ ತಾವಾಗಿ ತೆರೆದುಕೊಳ್ಳುತ್ತಿದ್ದವು. ಯಂತ್ರ ಸರಳವೆಂದು ಆರೈಕೆಯೂ ಸರಳವಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದದ್ದು ಸರಪಳಿಯೊಂದು ತುಂಡಾದ್ದರಿಂದ.

ಏತ, ಕಪಿಲೆ, ಮರದ ಗಾಣ, ಶಾವಿಗೆ ಒರಳುಗಳು ರಾಮನಗರದ ಬಳಿಯ ಜಾನಪದ ಲೋಕದಂಥ ಸಂಗ್ರಹಾಲಯಗಳಿಗೆ ಸೇರಿವೆ. ಹಲವು ಇನ್ನೂ ಹಿತ್ತಿಲುಗಳಲ್ಲಿ ಗೆದ್ದಲು ಹಿಡಿಯುತ್ತಿವೆ. ಅವುಗಳ ಹೆಸರು, ಹಾಡು, ನಂಬಿಕೆಗಳನ್ನು ಬರೆದಿಟ್ಟವರುಂಟು. ತೋಳಿನ ಉದ್ದ, ಪ್ರತಿಭಾರದ ತೂಕ, ತಿರುಪಿನ ಎಳೆಗಳ ಅಂತರ ಇವನ್ನು ಬರೆದಿಟ್ಟವರು ಕಡಿಮೆ. ಈ ಸೀಮೆಯ ಪ್ರೌಢಶಾಲೆಗಳ ವಿಜ್ಞಾನ ಶಿಕ್ಷಕರು ಮಕ್ಕಳನ್ನು ಕರೆದುಕೊಂಡು, ಉಳಿದಿರುವಷ್ಟನ್ನಾದರೂ ಅಳೆದು ದಾಖಲಿಸಬೇಕು. ಅದಕ್ಕೆ ಬೇಕಾಗುವುದು ಒಂದು ಅಳತೆ ಟೇಪು, ಒಂದು ಸ್ಪ್ರಿಂಗ್ ತಕ್ಕಡಿ ಮತ್ತು ಒಂದು ಶನಿವಾರದ ಮಧ್ಯಾಹ್ನ.